ಬೆಬಾವಿ ಮೇಸ್ತ್ರಿಯ ಫ್ಯೂಸು

ಆ ಗುರುವಾರದ ಮದುವೆಯಲ್ಲಿ ನಾನು ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಗಿಟಾರಿನ ಕತ್ತನ್ನು ಚಾವಣಿಗೆ ಎತ್ತಿ ನುಡಿಸುತ್ತಿದ್ದೆ. ಬೆನ್ನ ಹಿಂದೆ ಆಂಪ್ಲಿಫೈಯರ್ ಉಸಿರು ನಿಲ್ಲಿಸಿದ್ದು ಡೋಲಿನ ಅಬ್ಬರದಲ್ಲಿ ನನಗೆ ತಿಳಿಯಲೇ ಇಲ್ಲ. ಡೋಲು ನಿಂತಿತು. ನಾನು ಮಾತ್ರ ಸದ್ದಿಲ್ಲದೆ ಇನ್ನೂ ಕುಣಿಯುತ್ತಿದ್ದೆ. ಮುಂದಿನ ಸಾಲಿನ ಮುದುಕಿಯೊಬ್ಬಳು ಪಕ್ಕದವಳಿಗೆ, "ಪಾಪ, ಬೆನ್ನು ಹಿಡ್ಕೊಂಡಿದೆ ಕಣೇ ಅವನಿಗೆ. ಯಾರಾದ್ರೂ ಒಂದಿಷ್ಟು ನೀವಿ" ಎಂದದ್ದು ಇಡೀ ಸಭೆಗೆ ಕೇಳಿಸಿತು.

ನಮ್ಮ ಹಾಡುಗಾರ ರಿಫಾಯಿ ಒಡನೆಯೇ ಮೈಕ್ ಹಿಡಿದು ಹಾಡತೊಡಗಿದ. ಆಪದ್ಬಾಂಧವ ಎಂದುಕೊಂಡೆ.

ಇದೇನು ಮೊದಲ ಸಲವಲ್ಲ. ಹನ್ನೊಂದು ವರ್ಷಗಳಿಂದ, ನಾನು ಮೈಮರೆತು ಜೋರಾಗಿ ನುಡಿಸತೊಡಗಿದ ಮೂರು ನಾಲ್ಕು ನಿಮಿಷಕ್ಕೆ ಆಂಪ್ಲಿಫೈಯರ್ ಪೆಟ್ಟಿಗೆಯ ಫ್ಯೂಸ್ ಹೋಗುತ್ತಿತ್ತು. ಕಣ್ಣು ಬಿದ್ದಿದೆ ಎಂದು ನನ್ನ ಹೆಂಡತಿ ಪೆಟ್ಟಿಗೆಗೆ ನೀಲಿ ಮಣಿ ಕಟ್ಟಿದಳು. ಮಣಿ ಉಳಿಯಿತು, ಫ್ಯೂಸ್ ಹೋಯಿತು. ಆದರೆ ಈ ಸಲ ನಕ್ಕು ಸುಮ್ಮನಾಗುವಂತಿರಲಿಲ್ಲ. ಮುಂದಿನ ಗುರುವಾರ ನನ್ನ ಒಬ್ಬಳೇ ಮಗಳು ಸಮಾಹ್‌ಳ ಮದುವೆ. ಅವಳು ಹುಟ್ಟಿದ ವಾರ ನಾನು ಕಟ್ಟಿದ ಆರು ನಿಮಿಷದ ಧಾಟಿಯೊಂದಿದೆ. ಅದರ ಕೊನೆಯನ್ನು ಈ ಹನ್ನೊಂದು ವರ್ಷದಲ್ಲಿ ನಮ್ಮ ಅಡುಗೆಮನೆಯ ಹೊರತು ಯಾರೂ ಕೇಳಿಲ್ಲ.

ಮರುದಿನ ಶುಕ್ರವಾರದ ನಮಾಜು ಮುಗಿಸಿ, ಪೆಟ್ಟಿಗೆ ಹೊತ್ತು ಅತ್ತಾರೀನ್ ಬೀದಿಯ ಬೆಬಾವಿ ಮೇಸ್ತ್ರಿಯ ಅಂಗಡಿಗೆ ಹೋದೆ.

ಅಲೆಕ್ಸಾಂಡ್ರಿಯಾದಲ್ಲಿ ವಾಲ್ವಿನ ಯಂತ್ರಗಳ ಕಾಯಿಲೆ ಬಲ್ಲವನು ಅವನೊಬ್ಬನೇ. ಒಬ್ಬ ಗ್ರೀಕ್ ಯಜಮಾನನ ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತವನು. ಯಜಮಾನ ಊರು ಬಿಟ್ಟು ಹಡಗು ಹತ್ತಿದ ದಿನ ಅಂಗಡಿಯ ಬೀಗದ ಕೈಯನ್ನೂ ಒಂದು ಸೀರೀಸ್ ಬಲ್ಬನ್ನೂ ಇವನ ಕೈಗಿಟ್ಟು ಹೋದನಂತೆ. ಮೇಸ್ತ್ರಿ ಸುಳ್ಳು ಹೇಳಿದ್ದನ್ನು ಕೇಳಿದವರಿಲ್ಲ, ನಕ್ಕಿದ್ದನ್ನು ಕಂಡವರೂ ಇಲ್ಲ. ಅವನ ಮದುವೆಯ ಫೋಟೋ ಗೋಡೆಯ ಮೇಲಿದೆ. ಪಾಸ್‌ಪೋರ್ಟಿಗೆ ತೆಗೆಸಿದಂತಿದೆ.

ಯಾರೇ ಬರಲಿ, ಅವನು ಕೇಳುವುದು ಒಂದೇ ಮಾತು: "ಬೇಗಡೆ ಸುತ್ತಿದ್ದೀಯಾ?" ನಮ್ಮೂರಿನ ವಾದ್ಯಗಾರರಿಗೆ ಅದೊಂದು ಚಟ. ಫ್ಯೂಸ್ ಹೋದರೆ ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿ ಹಾಗೇ ತುರುಕಿ ರಾತ್ರಿ ಕಳೆಯುತ್ತಾರೆ. ಎಲ್ಲರೂ ತಾಯಾಣೆ ಇಲ್ಲ ಎನ್ನುತ್ತಾರೆ. ಮೇಸ್ತ್ರಿ ಬಿಚ್ಚಿ ನೋಡಿ, ಬೇಗಡೆ ಕಂಡರೆ ಯಂತ್ರವನ್ನು ತೆಗೆದು ಬೀದಿಯಲ್ಲಿಡುತ್ತಾನೆ. "ಫ್ಯೂಸ್ ಅನ್ನೋದು ಮನೆ ನಾಯಿ ಕಣಯ್ಯಾ. ಅದು ಬೊಗಳಿದ್ರೆ ಕಳ್ಳ ಎಲ್ಲಿ ಅಂತ ನೋಡು, ನಾಯಿ ಬಾಯಿ ಕಟ್ಟಬೇಡ" ಎಂದು ಮೊದಲ ದಿನವೇ ನನಗೆ ಹೇಳಿದ್ದ. ಅಂದಿನಿಂದ ನಾನು ಬೇಗಡೆ ಮುಟ್ಟಿಲ್ಲ. ಅದನ್ನು ಮೆಚ್ಚಿಯೇ ಇರಬೇಕು, ನನ್ನ ಫ್ಯೂಸುಗಳಿಗೆಂದೇ ಅವನು ಒಂದು ತಗಡಿನ ಡಬ್ಬಿ ಇಟ್ಟಿದ್ದ. ಮೇಲೆ 'ಫತ್ತೂಹ್' ಎಂದು ನನ್ನ ಹೆಸರು. ಊರಿನಲ್ಲಿ ನನ್ನ ಹೆಸರು ಬರೆದಿದ್ದ ಇನ್ನೊಂದು ಜಾಗವೆಂದರೆ ನಮ್ಮ ಮನೆಯ ನೀರಿನ ಬಿಲ್ಲು. ಆ ಡಬ್ಬಿಯ ವಿಷಯವನ್ನು ಎಷ್ಟು ಜನರಿಗೆ ಹೇಳಿ ಬೀಗಿದ್ದೆನೋ!

ಮೇಸ್ತ್ರಿ ಪೆಟ್ಟಿಗೆಯ ವಾಲ್ವುಗಳನ್ನು ಕಿತ್ತಿಟ್ಟು, ಕರೆಂಟಿನ ದಾರಿಯಲ್ಲಿ ಸೀರೀಸ್ ಬಲ್ಬು ಸಿಕ್ಕಿಸಿ ಸ್ವಿಚ್ ಒತ್ತಿದ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಧಗಧಗ ಉರಿಯುತ್ತದೆ. ಅದು ಒಮ್ಮೆ ಮಿನುಗಿ ಮಂಕಾಯಿತು. ವಾಲ್ವುಗಳನ್ನು ಒಂದೊಂದಾಗಿ ಹಾಕಿ ಪೆನ್ಸಿಲಿನಿಂದ ತಟ್ಟಿದ. ಬಲ್ಬು ಮಂಕಾಗಿಯೇ ಇತ್ತು.

"ಏನೂ ಆಗಿಲ್ಲ. ಫ್ಯೂಸ್ ಅಷ್ಟೆ."

"ನಾಯಿ ಬೊಗಳಿದೆ ಅಂದ್ಮೇಲೆ ಕಳ್ಳ ಇರಬೇಕಲ್ಲ ಮೇಸ್ತ್ರಿ?"

"ಕೆಲವು ನಾಯಿ ಗಾಳಿಗೂ ಬೊಗಳುತ್ತೆ" ಎಂದು ಅವನು, ಕ್ರೈಸ್ತರ ಶುಕ್ರವಾರದ ಉಪವಾಸಕ್ಕೆ ಮಾಂಸ ಹಾಕದೆ ಬೇಯಿಸಿದ ಅವರೆಯನ್ನೂ ರೊಟ್ಟಿಯನ್ನೂ ತರಲು ಎದ್ದು ಹೋದ.

ನನ್ನ ಪೆಟ್ಟಿಗೆಯ ಹಿಂಬದಿಯಲ್ಲಿ, ಫ್ಯೂಸಿನ ಮಗ್ಗುಲಲ್ಲೇ, ಮಾರ್ ಗಿರ್ಗಿಸ್ ಸಂತನ ಚಿತ್ರವಿದೆ. ಕುದುರೆಯ ಮೇಲೆ ಕುಳಿತು ಘಟಸರ್ಪವನ್ನು ಈಟಿಯಿಂದ ತಿವಿಯುತ್ತಿರುವ ಚಿತ್ರ. ಕಾಪಾಡಲಿ ಎಂದು ಮೇಸ್ತ್ರಿಯೇ ಅಂಟಿಸಿದ್ದ. ನಾನು ಮುಸಲ್ಮಾನ, ಆದರೂ ಹನ್ನೊಂದು ವರ್ಷ ಅದನ್ನು ಧೂಳು ಕೂರದಂತೆ ಒರೆಸಿದ್ದೇನೆ. ಆವತ್ತು ಸಮುದ್ರದ ತೇವಕ್ಕೆ ಸಂತನ ಕುದುರೆಯ ಬಾಲ ಮೇಲೆದ್ದಿತ್ತು. ಅಯ್ಯೋ ಎಂದುಕೊಂಡು, ಎಂಜಲು ಹಚ್ಚುವುದು ತಪ್ಪೆಂದು, ಮೇಸ್ತ್ರಿ ಕೊಟ್ಟಿದ್ದ ಸಕ್ಕರೆ ಪಾಕದಂಥ ಚಹಾದಲ್ಲಿ ಬೆರಳದ್ದಿ ಒತ್ತಿದೆ. ಸಂತ, ಕುದುರೆ, ಘಟಸರ್ಪ ಮೂರೂ ಕೈಗೆ ಬಂದವು. ಅಡಿಯಲ್ಲಿ ತಯಾರಕರು ಅಚ್ಚೊತ್ತಿದ ಅಕ್ಷರ: ಫ್ಯೂಸ್, ಒಂದು ಆಂಪಿಯರ್.

ಮೇಸ್ತ್ರಿಯ ಭೂತಗನ್ನಡಿ ತೆಗೆದುಕೊಂಡು, ಸುಟ್ಟ ಫ್ಯೂಸಿನ ಲೋಹದ ಟೊಪ್ಪಿಗೆಯ ಮೇಲೆ ಎಷ್ಟು ಆಂಪಿಯರ್ ಎಂದು ಓದಿದೆ. ಅರ್ಧ. ನನ್ನ ಹೆಸರಿನ ಡಬ್ಬಿ ತೆರೆದೆ. ಅರ್ಧ, ಅರ್ಧ, ಅರ್ಧ. ಮೆಲ್ಲಗೆ ನುಡಿಸಿದರೆ ತಾಳುವಷ್ಟು, ಜೋರು ಮಾಡಿದರೆ ಸಾಯುವಷ್ಟು.

ನಗೆಚಾಟಿಕೆಯೇ ಸ್ವಭಾವವಾದ ನನಗೆ ಆಗ ನಗು ಬರಲಿಲ್ಲ. ಬೇಗಡೆ ಸುತ್ತಿದ ಕಳ್ಳರೆಲ್ಲ ತಮ್ಮ ಧಾಟಿ ಮುಗಿಸಿ ಮನೆಗೆ ಹೋದರು. ಮಾತು ಉಳಿಸಿಕೊಂಡ ನಾನೊಬ್ಬ ಅರ್ಧದಲ್ಲಿ ನಿಂತೆ.

ಮೇಸ್ತ್ರಿ ಬಂದ. ನನ್ನ ಕೈ ನೋಡಿದ.

"ಇದೇನು?" ಎಂದೆ.

"ಮಾರ್ ಗಿರ್ಗಿಸ್."

"ಅದರ ಕೆಳಗೆ?"

"ಒಂದು ಆಂಪಿಯರ್."

"ಡಬ್ಬೀಲಿ?"

"ಅರ್ಧ." ಅವನು ಅವರೆಯ ಬೋಗುಣಿ ಕೆಳಗಿಟ್ಟ.

"ಸಂತನನ್ನ ಅಡ್ಡ ಇಟ್ಕೊಂಡು ಮೋಸ ಮಾಡಿದ್ಯಲ್ಲಾ ಮೇಸ್ತ್ರಿ! ಹನ್ನೊಂದು ವರ್ಷ!"

"ಹನ್ನೊಂದೂವರೆ. ಬೇರೆ ಏನಾದ್ರೂ ಅಂಟಿಸಿದ್ರೆ ನೀನು ಕಿತ್ತು ನೋಡ್ತಿದ್ದೆ. ಸಂತನ ಚಿತ್ರ ಕೀಳಲ್ಲ ಅಂತ ಗೊತ್ತಿತ್ತು. ಅಷ್ಟು ಮರ್ಯಾದಸ್ಥ ನೀನು."

"ಯಾರು ಮಾಡಿಸಿದ್ದು?"

"ರಿಫಾಯಿ ಕೇಳಿದ. ಡೋಲಿನವನು, ಅಕಾರ್ಡಿಯನ್‌ನವನು, ಎಲ್ಲರೂ ಜೊತೇಲಿ ಬಂದಿದ್ರು. ಈ ಬೆಂಚಿನ ಮೇಲೇ ಕೂತು ಚಹಾ ಕುಡಿದ್ರು."

ರಿಫಾಯಿಯ ತಾಯಿ ತೀರಿಕೊಂಡಾಗ ಹೆಗಲು ಕೊಟ್ಟವನು ನಾನು. ಪ್ರತಿ ಸಲ ಫ್ಯೂಸ್ ಹೋದಾಗಲೂ ಅವನು ನನ್ನ ಬೆನ್ನು ತಟ್ಟಿ, "ಯಂತ್ರ ಕಣೋ, ಅದಕ್ಕೇನು ಗೊತ್ತು" ಎನ್ನುತ್ತಿದ್ದ. ಪೆಟ್ಟಿಗೆಯ ಒಂದು ಹಿಡಿ ಹಿಡಿದು ಮೆಟ್ಟಿಲು ಇಳಿಸುತ್ತಿದ್ದ.

"ಉದ್ದ ಆಯ್ತು ಅಂತ ನನಗೇ ಹೇಳಬಹುದಿತ್ತಲ್ಲ?"

"ಹೇಳಿದ್ರಂತೆ. ನೀನು ಕಣ್ಣು ಮುಚ್ಚಿದ್ಯಂತೆ."

ಕೋಪದಲ್ಲಿ ಎದ್ದು ಹೋಗಬೇಕೆಂದಿದ್ದೆ. ಆದರೆ ಬೆಳಗಿನಿಂದ ಏನೂ ತಿಂದಿರಲಿಲ್ಲ, ಅವರೆಗೆ ಜೀರಿಗೆಯ ಘಮ ಬೇರೆ. ಮೇಸ್ತ್ರಿ ರೊಟ್ಟಿ ಮುರಿದು ಅರ್ಧ ನನ್ನ ಮುಂದೆ ತಳ್ಳಿದ. ಮತ್ತೆ ಅರ್ಧ! ಆಮೇಲೆ ತನ್ನ ಮೇಜಿನ ಖಾನೆಯಿಂದ ಬೇರೊಂದು ಫ್ಯೂಸ್ ತೆಗೆದು, ಭೂತಗನ್ನಡಿಯ ಸಮೇತ ನನ್ನ ಕೈಗಿತ್ತ. ಓದಿದೆ. ಒಂದು ಆಂಪಿಯರ್.

"ಮಗಳ ಮದುವೆಗೆ. ಶುಕ್ರವಾರ ವಾಪಸ್ ತಂದುಕೊಡು."

"ರಿಫಾಯಿಗೆ ಏನು ಹೇಳ್ತೀಯ?"

"ಒಂದು ದಿನ ತಡ್ಕೋ ಅಂತ."

ರೊಟ್ಟಿಯ ಚೂರನ್ನು ಕೆಳಗಿಟ್ಟೆ. ಆ ಬೆಂಚಿನ ಮೇಲೆ ನನ್ನ ಇಡೀ ಬಳಗ ಸಾಲಾಗಿ ಕುಳಿತು ಚಹಾ ಹೀರುತ್ತಿದ್ದುದು ಕಣ್ಣಿಗೆ ಕಟ್ಟಿತು.

"ಅವತ್ತು ಇಲ್ಲಿ ನನ್ನ ಪರವಾಗಿ ಮಾತಾಡೋರು ಒಬ್ಬರೂ ಇರಲಿಲ್ವಾ ಮೇಸ್ತ್ರಿ?"

ಮೇಸ್ತ್ರಿ ಬೋಗುಣಿಯ ತಳವನ್ನು ರೊಟ್ಟಿಯಿಂದ ಒರೆಸಿ ಬಾಯಿಗಿಟ್ಟು, ಪೂರ್ತಿ ಅಗಿದು ನುಂಗಿದ.

"ನಾನಿದ್ನಲ್ಲ. ಅವರು ಕೇಳಿದ್ದು ಕಾಲು ಆಂಪಿಯರ್."