ಮುಸ್ಸಂಜೆಯ ದೃಶ್ಯದಲ್ಲಿ ಬೆಳಕು ಮುಗ್ಗರಿಸಿದ ವಿಷಯವಾಗಿ

ಶ್ರೀಯುತ ನಜೀರ್ ಅಹಮದ್ ಅವರಲ್ಲಿ, ನಮ್ಮ ನಾಟಕ ಸಂಘದ ಸ್ಮರಣ ಸಂಚಿಕೆಯನ್ನು ಓದುವ ಎಲ್ಲರ ಎದುರಿಗೆ, ಅರಿಕೆ ಮಾಡಿಕೊಳ್ಳುವುದೇನೆಂದರೆ—

ಆ ದಿನ ಬೆಳಕು ಮುಗ್ಗರಿಸಿದ್ದು ತಮ್ಮ ಯಂತ್ರದ ದೋಷದಿಂದಲ್ಲ. ಫಲಕದ ಹಿಂದಿನ ಸ್ವಿಚ್ಚನ್ನು ತಿರುಗಿಸಿದವನು ನಾನು. ತಾವು ಕೇಳಿದಾಗ ಸುಳ್ಳು ಹೇಳಿದವನೂ ನಾನೇ. ಇಷ್ಟನ್ನು ಬರೆಯಲು ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತೆಂಬುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ನಾನು ದಾವಣಗೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವನು. ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದವನಲ್ಲ. ಆದ್ದರಿಂದ ಮಾತು ಎಲ್ಲಿ ಒರಟಾದರೂ ಮನ್ನಿಸಬೇಕಾಗಿ ವಿನಂತಿ.

ಸಂಘದಲ್ಲಿ ನನಗಿದ್ದ ಹೆಸರು ಒಂದೇ— ಬೆಳಕಿನ ರುದ್ರಮುನಿ. ಅದು ಉಪ್ಪುನೀರಿನ ಕಾಲ. ಗಡಿಗೆಯ ತಳದಲ್ಲಿ ಒಂದು ಲೋಹದ ಬಿಲ್ಲೆ, ಹಗ್ಗಕ್ಕೆ ಕಟ್ಟಿದ ಮತ್ತೊಂದು ಬಿಲ್ಲೆ, ನಡುವೆ ಕರೆಂಟು ಹರಿಯಲು ಉಪ್ಪು ಕರಗಿಸಿದ ನೀರು. ಹಗ್ಗ ಇಳಿಸಿದರೆ ರಂಗದ ಮೇಲಿನ ಬಲ್ಬು ಬೆಳಗುವುದು, ಎತ್ತಿದರೆ ಮಂಕಾಗುವುದು. ನಾನು ಹಗ್ಗ ಎತ್ತಿದರೆ ಸಂಜೆಯಾದದ್ದೇ ಪ್ರೇಕ್ಷಕರಿಗೆ ತಿಳಿಯುವುದಿಲ್ಲವೆಂದು ಜನ ಹೇಳುತ್ತಿದ್ದರು. ನಾನೂ ನಂಬಿದ್ದೆ. ನನ್ನ ಕೈಯಲ್ಲಿ ಏನೋ ಇದೆಯೆಂದು—

ತೊಂಬತ್ತರ ದಶಕದ ಕೊನೆಯಲ್ಲಿ, ಗುತ್ತೂರಿನ ಬಳಿಯ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದ ತಾವು ನಮ್ಮ ಸಂಘಕ್ಕೆ ಬಂದಿರಿ. ನಾಲ್ಕು ಭಾನುವಾರ ನನ್ನ ಗಡಿಗೆಗಳ ಪಕ್ಕ ಕುಳಿತಿರಿ. "ಉಸ್ತಾದ್, ಬೆಳಕು ಅರ್ಧ ಆತು ಅಂತ ಕಣ್ಣಿಗೆ ಅನ್ನಿಸಿದಾಗ ಹೇಳ್ರಿ" ಎಂದು ಕೇಳಿ, ಹಗ್ಗದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡಿರಿ. ಅರ್ಧದ ಅರ್ಧಕ್ಕೆ ಇನ್ನೊಂದು ಗುರುತು, ಅದರ ಅರ್ಧಕ್ಕೆ ಮತ್ತೊಂದು. ಯಾಕೆಂದು ನನಗೆ ತಿಳಿಯಲಿಲ್ಲ.

ಅದು ತಿಳಿದದ್ದು ಹರಿಹರದ ತಮ್ಮ ಮನೆಯಲ್ಲಿ, ಒಂದು ಮಧ್ಯಾಹ್ನ. ಕಿಟಕಿಗಳಿಗೆ ಕಂಬಳಿ ಹೊದಿಸಿ, ಗೋಡೆಗೆ ಬಿಳಿ ಚಾದರ ಕಟ್ಟಿದ್ದಿರಿ. ತಮ್ಮ ತಾಯಿಯವರು ಚಹಾ ತಂದಿಟ್ಟು, "ಹೊರಗೆ ಸುಡು ಬಿಸಿಲೈತೆ, ಇವ್ನು ಒಳಗೆ ಕುಂತು ಸೂರ್ಯನ್ನ ಮುಳುಗಿಸ್ತಾನ. ನೀವಾದ್ರೂ ಬುದ್ಧಿ ಹೇಳ್ರಿ" ಎಂದರು. ತಾವು ನಕ್ಕು ಪೆಟ್ಟಿಗೆಯೊಂದನ್ನು ತೆರೆದಿರಿ. ಅದರಲ್ಲಿ ನೂರಾರು ಪುಟ್ಟ ಎಲ್‌ಇಡಿ ದೀಪಗಳು— ಕೆಂಪು, ಹಸಿರು, ಮತ್ತು ಆಗ ನಮ್ಮೂರಲ್ಲಿ ಯಾರೂ ಕಾಣದಿದ್ದ ನೀಲಿ; ಸೌದಿಯಲ್ಲಿದ್ದ ತಮ್ಮ ಭಾವನವರು ಕಳಿಸಿದ್ದು. ಎಲ್ಲ ಸೇರಿದರೂ ಕುಳಿತ ಒಬ್ಬ ಮನುಷ್ಯನನ್ನು ಬೆಳಗುವಷ್ಟೇ ಬೆಳಕು. ತಾವು ಕನ್ಸೋಲ್ ಎನ್ನುತ್ತಿದ್ದ ಫಲಕದ ಗುಂಡಿಯನ್ನು ಕೆಳಗೆ ಜಾರಿಸಿದಿರಿ.

ನಾನು ಕಂಡದ್ದನ್ನು ಹೇಗೆ ಬರೆಯಲಿ? ಚಾದರದ ಬಿಳುಪು ಹೊಂಬಣ್ಣವಾಯಿತು, ಹೊಂಬಣ್ಣ ಕುಂಕುಮವಾಯಿತು— ಯಾವ ಗಳಿಗೆಯಲ್ಲಿ ಎಂದು ಬೆರಳಿಟ್ಟು ತೋರಿಸಲಾಗದು. ಕುಂಕುಮ ನೇರಳೆಯಾಗಿ, ನೇರಳೆ ಇನ್ನೂ ಇದೆಯೋ ಇಲ್ಲವೋ ಎಂಬಷ್ಟಾಗಿ, ಕೊನೆಗೆ ನನ್ನ ಕಣ್ಣೊಳಗೆ ಮಾತ್ರ ಉಳಿದು— ಹೋಯಿತು. ಚಹಾ ಆರಿತ್ತು. ನಾನು ಕೈಮುಗಿದು ನಿಂತಿದ್ದೆನೆಂದು ಆಮೇಲೆ ಗೊತ್ತಾಯಿತು.

"ಇದು ನಿಮ್ಮ ಕೈನೇರಿ," ಎಂದಿರಿ ತಾವು. "ನಿಮ್ಮ ಹಗ್ಗದ ಗುರುತನ್ನೇ ಚಿಪ್‌ನಾಗೆ ತುಂಬೀನಿ. ಈ ದೀಪಕ್ಕೆ ತಾಳ್ಮೆ ಇಲ್ಲ, ಹೇಳಿದ ತಕ್ಷಣ ಆರಿಬಿಡ್ತೈತೆ. ಅದಕ್ಕೆ ಹಳೆ ಬಲ್ಬಿನಂಗೆ ಒಂಚೂರು ನಿಧಾನ ಕಲಿಸೀನಿ. ಹಿಂದೆ ಒಂದು ಸ್ವಿಚ್ಚೈತೆ. ಮೇಲಿದ್ರೆ ಈ ಲೆಕ್ಕ ಕೆಲಸ ಮಾಡ್ತೈತೆ. ಕೆಳಗೆ ಮಾಡಿದ್ರೆ ಬರೀ ನಿಮ್ಮ ಬೆರಳು. ಅದನ್ನ ಮಾತ್ರ ಮುಟ್ಟಬ್ಯಾಡ್ರಿ."

ಆ ಮಾತನ್ನು ಗೌರವವೆಂದು ತೆಗೆದುಕೊಳ್ಳಬೇಕಿತ್ತು. ನನ್ನೊಳಗೆ ಅದು ಬೇರೆ ರೀತಿಯಲ್ಲಿ ಇಳಿಯಿತು. ನನ್ನ ಕೈ ಪೆಟ್ಟಿಗೆಯೊಳಗೆ ಸೇರಿದ ಮೇಲೆ ಈ ಕೈಗೇನು ಕೆಲಸ?

ಎಂ.ಸಿ.ಸಿ. ಬಡಾವಣೆಯ ಸಭಾಂಗಣದಲ್ಲಿ ಪ್ರದರ್ಶನ. ಕೊನೆಯ ದೃಶ್ಯದಲ್ಲಿ ತಾಯಿ ಪಾತ್ರಧಾರಿ ಮಾತಿಲ್ಲದೆ ಹೊಸ್ತಿಲಲ್ಲಿ ಕುಳಿತಿರುತ್ತಾಳೆ, ಸಂಜೆ ಅವಳ ಮುಖದ ಮೇಲೆ ಆರಬೇಕು. ಇದು ಚೆನ್ನಾಗಿ ಬಂದರೆ ಸಂಘದ ಎಲ್ಲ ನಾಟಕಗಳಿಗೂ ಇಂಥ ದೀಪಗಳನ್ನು ತಮ್ಮಿಂದಲೇ ಮಾಡಿಸುವುದೆಂದು ನಿರ್ದೇಶಕ ಮಹೇಶಪ್ಪನವರು ಹೇಳಿದ್ದರು. ಫಲಕವನ್ನು ನನ್ನ ಕೈಗೆ ಒಪ್ಪಿಸಿ ತಾವು ಪ್ರೇಕ್ಷಕರ ನಡುವೆ ಕುಳಿತಿದ್ದಿರಿ. ಆ ದೃಶ್ಯಕ್ಕೆ ಮುಂಚೆ ನಾನು ಫಲಕದ ಹಿಂದೆ ಕೈಹಾಕಿ ಸ್ವಿಚ್ಚನ್ನು ಕೆಳಗೆ ಮಾಡಿದೆ. ಕೆಡಿಸಬೇಕೆಂದಲ್ಲ— ಇದನ್ನು ನೆಪವೆಂದು ತಿಳಿಯಬಾರದು, ನಡೆದದ್ದನ್ನು ದಾಖಲಿಸುತ್ತಿದ್ದೇನೆ— ಲೆಕ್ಕದ ನೆರವಿಲ್ಲದೆಯೇ ನನ್ನ ಬೆರಳು ಅದೇ ಸಂಜೆಯನ್ನು ತರಬಲ್ಲದೆಂದು ನನಗೆ ನಾನೇ ತೋರಿಸಿಕೊಳ್ಳಲು.

ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಉರುಳಿತು. ಮೊದಲು ಹಸಿರು ಸತ್ತಿತು, ತಾಯಿಯ ಮುಖ ಗುಲಾಬಿಯಾಯಿತು. ನನ್ನ ಬೆರಳಿನ ಒಂದೊಂದು ನಡುಕವೂ, ಇಷ್ಟು ವರ್ಷ ನನಗೇ ಗೊತ್ತಿಲ್ಲದಿದ್ದ ನಡುಕ, ಅವಳ ಕೆನ್ನೆಯ ಮೇಲೆ ಕುಣಿಯಿತು. "ಕರೆಂಟ್ ಹೋಗಾಕತ್ತೈತೆ, ಎದ್ದೇಳ್ರಪ್ಪ" ಎಂದರು ಯಾರೋ ಹಿಂದಿನಿಂದ. ಸಭಾಂಗಣವೆಲ್ಲ ನಕ್ಕಿತು.

ಆ ನಗೆಯ ನಡುವೆ ನನಗೆ ಅರ್ಥವಾಯಿತು. ಹಳೆಯ ಬಲ್ಬಿನೊಳಗೆ ಕಾದ ತಂತಿ ತಣ್ಣಗಾಗಲು ತೆಗೆದುಕೊಳ್ಳುವ ಆ ಒಂದು ಗಳಿಗೆ— ಅದೇ ಇಷ್ಟು ವರ್ಷ ನನ್ನ ಕೈಯ ಒರಟನ್ನು ಮುಚ್ಚಿತ್ತು. ಹೆಸರು ನನ್ನದಾಗಿತ್ತು, ನಯ ಬಲ್ಬಿನದಾಗಿತ್ತು. ಇದನ್ನು ತಾವು ಮೊದಲೇ ಕಂಡಿದ್ದಿರಿ. ಕಂಡೂ ನನ್ನನ್ನು ಉಸ್ತಾದ್ ಎಂದಿರಿ.

ಪರದೆ ಬಿದ್ದೊಡನೆ ಸ್ವಿಚ್ಚನ್ನು ಮೇಲೆ ಮಾಡಿದೆ. ತಾವು ಓಡಿ ಬಂದಿರಿ, ಹಿಂದೆಯೇ ಮಹೇಶಪ್ಪನವರು.

"ಸ್ವಿಚ್ಚು ಹೆಂಗಿತ್ತೋ ಹಂಗೇ ಇತ್ತಲ್ರಿ, ಉಸ್ತಾದ್?"

"ಹಂಗೇ ಇತ್ತು."

"ಹಂಗಾದ್ರೆ ನನ್ನ ಲೆಕ್ಕಾನೇ ತಪ್ಪೈತೆ."

ಮಹೇಶಪ್ಪನವರು ಬೆವರು ಒರೆಸಿಕೊಂಡು, "ಇನ್ಮ್ಯಾಲೆ ಈ ಆಟದ ಸಾಮಾನು ಬ್ಯಾಡಪ್ಪ, ನಮ್ಮ ರುದ್ರಮುನಿ ಗಡಿಗೇನೇ ಸಾಕು" ಎಂದರು. ನಾನು ಸುಮ್ಮನಿದ್ದೆ. ಆ ಮೌನವೂ ಈ ತಪ್ಪೊಪ್ಪಿಗೆಯಲ್ಲಿ ಸೇರಿದೆ.

ತಾವು ಎರಡು ತಿಂಗಳು ಇಲ್ಲದ ದೋಷವನ್ನು ಹುಡುಕಿದಿರೆಂದೂ, ಕೊನೆಗೆ ದೀಪಗಳನ್ನೆಲ್ಲ ಕಿತ್ತು ಕಾರ್ಖಾನೆಯ ಯಂತ್ರಗಳಿಗೆ ಸೂಚಕ ದೀಪಗಳಾಗಿ ಹಾಕಿದಿರೆಂದೂ ತಿಳಿಯಿತು. ತಾವು ಮತ್ತೆ ನಾಟಕದ ಕಡೆ ಬರಲಿಲ್ಲ. ಈಗ ಊರಿನ ಪ್ರತಿ ಮದುವೆ ಮಂಟಪದಲ್ಲೂ ಬಣ್ಣದ ಎಲ್‌ಇಡಿಗಳು ಮೆಲ್ಲಗೆ ಆರಿ ಮೆಲ್ಲಗೆ ಹೊತ್ತಿಕೊಳ್ಳುತ್ತವೆ. ನೋಡುವವರು ಊಟದ ಮಾತಾಡುತ್ತಿರುತ್ತಾರೆ. ನಾನು ತುತ್ತು ಹಿಡಿದು ಕುಳಿತುಬಿಡುತ್ತೇನೆ— ಇದನ್ನು ಮೊದಲು ಕಂಡದ್ದು ಹರಿಹರದ ಒಂದು ಕೋಣೆಯಲ್ಲಿ, ಅದನ್ನು ಮಾಡಿದವರಿಗೇ ಅದು ಆಗಲಿಲ್ಲವೆಂದು ನಂಬಿಸಿದವನು ನಾನು—

ತಮ್ಮ ಲೆಕ್ಕ ಸರಿಯಿತ್ತು.

ಈ ಬರಹವನ್ನು ಸಂಚಿಕೆಗೆ ಕೊಡುವ ಮೊದಲು ಬರುವ ಭಾನುವಾರ ತಮ್ಮ ಮನೆಗೆ ಬಂದು, ತಮ್ಮೆದುರಿಗೆ ಓದಲು ನಿರ್ಧರಿಸಿದ್ದೇನೆ. ಓದುವಾಗ ತಾವು ನಡುವೆ ಎದ್ದು ಒಳಗೆ ಹೋದರೆ ಅದು ತಮ್ಮ ಹಕ್ಕು. ನಾನು ಉಳಿದದ್ದನ್ನು, ಒಳಗೆ ಕೇಳುವಷ್ಟು ಗಟ್ಟಿಯಾಗಿ, ಓದಿ ಮುಗಿಸುತ್ತೇನೆ.

ಇಂತಿ,
ರುದ್ರಮುನಿ