ದುಂಡು ತತ್ತಿ, ಚೂಪು ತತ್ತಿ

1996ರಲ್ಲಿ ಏಳನೇ ತರಗತಿಗೇ ಓದು ಬಿಟ್ಟೆ. ಮಸ್ಕಿಯಲ್ಲಿ ನಾಟಿ ಕೋಳಿ ಸಾಕಿಯೇ ಮನೆ ಕಟ್ಟಿಸಿದೆ. ಸಂಶೋಧನೆಗೆಂದು ತತ್ತಿ ಒಯ್ಯಲು ಲಿಂಗಸುಗೂರಿನಿಂದ ಒಬ್ಬ ಮೇಡಂ ಬರುತ್ತಿದ್ದರು. ಪ್ರತಿ ತತ್ತಿಯನ್ನೂ ಟಾರ್ಚಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವರು. ದುಂಡನೆಯದರಲ್ಲಿ ಹೇಂಟೆ, ಚೂಪಾದದ್ದರಲ್ಲಿ ಹುಂಜ ಎಂಬುದು ನಮ್ಮ ಕಡೆಯ ನಂಬಿಕೆ. ನನಗೆ ಬೇಕಾದದ್ದು ತತ್ತಿ ಇಡುವ ಹೇಂಟೆ.

“ಆಕಾರದಾಗ ಏನಿಲ್ರೀ ಅಣ್ಣಾರ. ಮೊದ್ಲು ಒಳಗ ಹೇಂಟಿ, ಹುಂಜ ಎರಡೂ ಒಂದ ಥರ ಇರ್ತಾವ. ಆಮ್ಯಾಲ ಜೀನ್‌ಗಳು ಬ್ಯಾರೆ ಮಾಡ್ತಾವ,” ಎಂಬುದು ಅವರ ಎಂದಿನ ಮಾತು.

ನನ್ನ ದುಂಡನೆಯ ತತ್ತಿ ಲಪಟಾಯಿಸಲು ಈ ಮಾತು ಎಂದು ನನಗೆ ಅನುಮಾನ.

“ಹಂಗಾದ್ರ ಚೂಪಾದವ್ನ ಒಯ್ರಿ ಮೇಡಂ,” ಎಂದೆ ಒಂದು ದಿನ.

ನಕ್ಕು, ಅವನ್ನೇ ಒಯ್ದರು.

ದುಂಡನೆಯವನ್ನೆಲ್ಲ ಕಾವಿಗೆ ಇಟ್ಟೆ. ಟಾರ್ಚ್ ಹಿಡಿದಾಗ ಅವರು ಏನೋ ಮಾಡಿರಬೇಕೆಂಬ ಸಂಶಯ ಇನ್ನೂ ಹೋಗಿಲ್ಲ. ಆ ಮರಿಗಳು ಈಗ ದೊಡ್ಡವಾಗಿವೆ: ಐದು ಹೇಂಟೆ, ಏಳು ಹುಂಜ.