ಹೋಗಿ ಬರ್ತೀನಿ

ಬೇಸಿಗೆ ಕೋರ್ಸಿಗೆಂದು ನಾವು ಮೂವರು ಗೆಳತಿಯರು ಇಂಗ್ಲೆಂಡಿಗೆ ಹೋಗಿದ್ದೆವು. ಶಿವಮೊಗ್ಗದ ವಿನೋಬನಗರದವರು ಇಬ್ಬರು. ಇನ್ನೊಬ್ಬಳು ಭದ್ರಾವತಿಯ ಫ್ಯಾಕ್ಟರಿ ಕ್ವಾರ್ಟರ್ಸಿನವಳು. ಅಲ್ಲಿನ ಒಬ್ಬ ಇಂಗ್ಲಿಷ್ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದೆವು.

ಈ ಭದ್ರಾವತಿಯವಳು ಎಲ್ಲಿಗೆ ಹೊರಟರೂ ಹೊಸ್ತಿಲಲ್ಲಿ ನಿಂತು, ಹೆಗಲ ಚೀಲ ಸರಿಮಾಡಿಕೊಂಡು, ಅಜ್ಜಿಯ ಕಡೆ ತಿರುಗುತ್ತಿದ್ದಳು. ‘ಹೋಗಿ ಬರ್ತೀನಿ’ಯನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಮೊದಲ ದಿನ ಅಜ್ಜಿ, ಇವಳು ಈಗಲೇ ವಾಪಸ್ಸು ಬರುತ್ತಾಳೆಂದು ಚಹಾ ಮಾಡಿಟ್ಟುಕೊಂಡು ಸಂಜೆಯವರೆಗೆ ಕಾದರಂತೆ.

“ಸುಮ್ನೆ ಬೈ ಅನ್ನು ಮಾರಾಯ್ತಿ” ಎಂದೆ.

“ಬರ್ತೀನಿ ಅನ್ನದೆ ಯಾರಾದ್ರೂ ಮನೆಯಿಂದ ಹೊರಡ್ತಾರೇನೇ?” ಎಂದಳು.

ಬೀದಿಯ ಡಬ್ಬಕ್ಕೆ ಕಸ ಹಾಕಲು ಹೋಗುವಾಗಲೂ ಅದನ್ನೇ ಹೇಳುತ್ತಿದ್ದಳು. ಅಜ್ಜಿಗೂ ರೂಢಿಯಾಯಿತು.

ಊರಿಗೆ ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬಂತು. “ಇನ್ನು ಬರೋದೆಲ್ಲಿ? ಸುಳ್ಳು ಹೇಗೆ ಹೇಳ್ಲಿ?” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಹೊಸ್ತಿಲಲ್ಲಿ ನಿಂತು ಚೀಲ ಸರಿಮಾಡಿಕೊಂಡು, ಮೊದಲ ಸಲ ಬರೀ “ಬೈ” ಎಂದಳು.

ಅಜ್ಜಿ ಬಾಗಿಲು ಹಿಡಿದುಕೊಂಡೇ ನಿಂತಿದ್ದರು.

“ಯಾಕೆ, ಇವತ್ತು ಬರುವುದಿಲ್ಲವೇ?” ಎಂದು ಕೇಳಿದರು.